ಮುಂಡಗೋಡಿನ ಭೋಟವಿಹಾರಗಳು: ದೇಶಾಂತರವಾಸವೂ ಶಾಸ್ತ್ರಾಧ್ಯಯನವೂ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಸೀಮೆಯಾದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳು ಪರಸ್ಥಳದಿಂದ ಬಂದವರಿಗೆ ಬಹುಕಾಲದಿಂದ ಆಶ್ರಯವಾಗಿರುವ ಪ್ರದೇಶಗಳು. ಪೋರ್ತುಗೀಸರ ಕಾಲದಲ್ಲಿ ಆಫ್ರಿಕಾಖಂಡದಿಂದ ದಾಸರಾಗಿ ತರಲ್ಪಟ್ಟವರ ಸಂತತಿಯೆಂದು ಹೇಳಲಾಗುವ ಸಿದ್ದಿಗಳು ಈ ಅರಣ್ಯಗಳಲ್ಲಿ ಹಲವು ತಲೆಮಾರುಗಳಿಂದ ನೆಲೆಸಿರುವರು. ಅವರ ದೇಶಾಂತರವು ಸ್ವೇಚ್ಛೆಯಿಂದಾದುದಲ್ಲ. ೧೯೬೬ರಲ್ಲಿ ಮುಂಡಗೋಡಿಗೆ ಬಂದ ಭೋಟದೇಶೀಯರ, ಎಂದರೆ ಟಿಬೆಟಿನವರ, ದೇಶಾಂತರವೂ ಅಂತಹುದೇ. ಆದರೆ ಇವರ ತರುಣ ಭಿಕ್ಷುಗಳು ತಮ್ಮೊಡನೆ ಒಂದು ಶಾಸ್ತ್ರಪರಂಪರೆಯನ್ನು ತಂದರು. ಆ ಪರಂಪರೆಯ ಮೂಲವು ಸಂಸ್ಕೃತವಾಗಿದೆ. ಇದನ್ನು ಅತಿಥಿಯಾಗಿ ಬಂದ ವಿದ್ಯೆಯೆನ್ನಬೇಕೋ, ತವರಿಗೆ ಮರಳಿದ ವಿದ್ಯೆಯೆನ್ನಬೇಕೋ ಎಂಬುದು ವಿಚಾರಣೀಯವಾಗಿದೆ.

ವಿದ್ಯಾರ್ಥವಾಗಿ ತರುಣರು ಭರತಖಂಡಕ್ಕೆ ಬರುತ್ತಿದ್ದ ಸಂಗತಿಯು ಹೊಸದಲ್ಲ. ಚೀನದ ಹ್ಯೂಯೆನ್‌ತ್ಸಾಂಗನು ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ ಹೊರಟು, ನಾಲಂದೆಯಲ್ಲಿ ಶೀಲಭದ್ರನ ಬಳಿ ಓದಿ, ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಕಂಡು, ಕ್ರಿ.ಶ. ೬೪೫ರಲ್ಲಿ ೬೫೭ ಗ್ರಂಥಗಳೊಡನೆ ಸ್ವದೇಶವನ್ನು ಸೇರಿದನು. ಭೋಟದೇಶದಿಂದ ಬಂದವರ ಅದೃಷ್ಟವು ಎಲ್ಲರಿಗೂ ಹಾಗೆ ಒಲಿಯಲಿಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಶ್ಚಿಮ ಭೋಟದ ಗುಗೆ ರಾಜ್ಯದ ಯೇಶೆ ಓದ್ ಎಂಬ ಅರಸನು ಇಪ್ಪತ್ತೊಂದು ಮಂದಿ ತರುಣರನ್ನು ಸಂಸ್ಕೃತವನ್ನು ಕಲಿಯಲು ಕಾಶ್ಮೀರಾದಿ ದೇಶಗಳಿಗೆ ಕಳುಹಿಸಿದನೆಂದೂ, ಅವರಲ್ಲಿ ಹತ್ತೊಂಬತ್ತು ಮಂದಿ ಬಿಸಿಲಿಗೂ ವ್ಯಾಧಿಗೂ ತುತ್ತಾಗಿ ಇಬ್ಬರು ಮಾತ್ರ ಮರಳಿದರೆಂದೂ ಆ ದೇಶದ ಇತಿಹಾಸಗ್ರಂಥಗಳು ಹೇಳುವುವು. ಆ ಇಬ್ಬರಲ್ಲಿ ಒಬ್ಬನಾದ ರಿಂಚೆನ್ ಸಾಂಗ್ಪೋ (೯೫೮-೧೦೫೫) ಎಂಬವನು ಮುಂದೆ ಮಹಾನುವಾದಕನೆಂದು ಪ್ರಸಿದ್ಧಿಗೆ ಬಂದನು. ಭೋಟಭಾಷೆಯಲ್ಲಿ ಇಂದು ಉಳಿದಿರುವ ಬುದ್ಧವಚನದ ಸುಮಾರು ೧೦೦ ಸಂಪುಟಗಳೂ ಶಾಸ್ತ್ರಗ್ರಂಥಗಳ ೨೦೦ಕ್ಕೆ ಮೀರಿದ ಸಂಪುಟಗಳೂ ಇಂತಹ ಪ್ರಾಣವ್ಯಯದಿಂದ ಸಿದ್ಧವಾದವು. ಮೂಲಕ್ಕೆ ಲೋಪ ಬಾರದಿರಲೆಂದು ಒಂಬತ್ತನೆಯ ಶತಮಾನದ ಆದಿಯಲ್ಲಿಯೇ ಅಲ್ಲಿನ ಅರಸರು 'ಮಹಾವ್ಯುತ್ಪತ್ತಿ' ಎಂಬ ಸಂಸ್ಕೃತ-ಭೋಟ ಕೋಶವನ್ನು ರಚಿಸಿಸಿದ್ದರು. ಸಂಸ್ಕೃತದ ಒಂದೊಂದು ಪಾರಿಭಾಷಿಕ ಪದಕ್ಕೂ ಒಂದೊಂದು ಭೋಟಪದವು ಅದರಲ್ಲಿ ನಿಯತವಾಯಿತು.

ಸಾವಿರ ವರ್ಷಗಳ ತರುವಾಯ ಅದೇ ದಾರಿಯಲ್ಲಿ ಮತ್ತೊಂದು ಪ್ರಯಾಣವು ನಡೆಯಿತು. ೧೯೫೯ರ ಮಾರ್ಚಿಯಲ್ಲಿ ಲಾಸಾನಗರದಲ್ಲಿ ದಂಗೆಯುಂಟಾಗಿ, ದಲಾಯಿ ಲಾಮಾ ಅವರು ಆ ತಿಂಗಳ ಕೊನೆಯಲ್ಲಿ ಭಾರತವನ್ನು ಪ್ರವೇಶಿಸಿದರು. ಹಿಂಬಾಲಿಸಿ ಬಂದ ಭಿಕ್ಷುಗಳಲ್ಲಿ ಸುಮಾರು ೧,೫೦೦ ಮಂದಿಯನ್ನು ಬಂಗಾಳದ ಉತ್ತರ ಸೀಮೆಯ ಬಕ್ಸಾ ಎಂಬಲ್ಲಿ ಇರಿಸಲಾಯಿತು. ಅದು ಬ್ರಿಟಿಷರು ಸ್ವಾತಂತ್ರ್ಯಯೋಧರನ್ನು ಸೆರೆಯಿಟ್ಟಿದ್ದ ಬಂದೀಖಾನೆ. ಅಲ್ಲಿ ಪಾಠವೂ ವಾದವೂ ನಿಲ್ಲಲಿಲ್ಲ. ಆದರೆ ಉಷ್ಣವೂ ಕ್ಷಯರೋಗವೂ ಅನೇಕರನ್ನು ಬಲಿತೆಗೆದುಕೊಂಡವು. ಯೇಶೆ ಓದನು ಕಳುಹಿಸಿದ ತರುಣರ ಕಥೆಯು ಇಲ್ಲಿ ಪುನರಾವೃತ್ತವಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಇತ್ತ ಮೈಸೂರು ರಾಜ್ಯವು ಮೊದಲು ಬೈಲಕುಪ್ಪೆಯಲ್ಲಿಯೂ, ೧೯೬೬ರಲ್ಲಿ ಮುಂಡಗೋಡಿನ ಬಳಿಯಲ್ಲಿಯೂ ನಿರಾಶ್ರಿತರಿಗೆ ಭೂಮಿಯನ್ನು ಕೊಟ್ಟಿತು. ಮುಂಡಗೋಡಿನಲ್ಲಿ ದೊರೆತುದು ಸುಮಾರು ೪,೦೦೦ ಎಕರೆ ಅರಣ್ಯಭೂಮಿ. ೧೯೬೯ರಲ್ಲಿ ಗಂದೆನ್, ದ್ರೆಪುಂಗ್ ಎಂಬ ಎರಡು ಮಹಾವಿಹಾರಗಳ ಭಿಕ್ಷುಗಳು ಬಕ್ಸಾದಿಂದ ಇಲ್ಲಿಗೆ ಬಂದರು. ಲಾಸಾದ ಸಮೀಪದಲ್ಲಿ ಗಂದೆನ್ ವಿಹಾರವು ೧೪೦೯ರಲ್ಲಿ ಚೋಂಖಾಪಾಚಾರ್ಯನಿಂದಲೂ, ದ್ರೆಪುಂಗ್ ವಿಹಾರವು ೧೪೧೬ರಲ್ಲಿ ಅವನ ಶಿಷ್ಯನಿಂದಲೂ ಸ್ಥಾಪಿತವಾಗಿದ್ದವು. ಸಾವಿರಾರು ಭಿಕ್ಷುಗಳಿದ್ದ ಆ ವಿಹಾರಗಳ ಅಳಿದುಳಿದವರು ಮಲೆನಾಡಿನ ಅಂಚಿನ ಮಳೆಯಲ್ಲಿ ಕಾಡುಕಡಿದು, ನೆಲವನ್ನು ಹಸನುಮಾಡಿ, ಭತ್ತವನ್ನೂ ಗೋವಿನಜೋಳವನ್ನೂ ಬೆಳೆಯತೊಡಗಿದರು. ಶೀತಭೂಮಿಯಲ್ಲಿ ಬಾರ್ಲಿಯ ಹಿಟ್ಟನ್ನು ಉಂಡು ಬೆಳೆದವರಿಗೆ ಈ ಬೇಸಾಯವೂ ಹೊಸದು, ಭಾಷೆಯೂ ಹೊಸದು. ತರುಣ ಭಿಕ್ಷುವಿಗೆ ಹಗಲು ಗುದ್ದಲಿ, ಸಂಜೆ ಶಾಸ್ತ್ರ ಎಂಬ ಕ್ರಮವು ಅನಿವಾರ್ಯವಾಯಿತು. ಹೊಟ್ಟೆಗೂ ವಿದ್ಯೆಗೂ ಒಂದೇ ದಿನದಲ್ಲಿ ಪಾಲು ಕೊಡಬೇಕಾದ ಆ ಕಷ್ಟವನ್ನು ವಾರಾನ್ನದಿಂದ ಓದಿದ ಕನ್ನಡನಾಡಿನ ಪಾಠಶಾಲೆಗಳ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು.

ಇವರು ಓದುವುದಾದರೂ ಯಾವುದನ್ನು? ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮೈತ್ರೇಯನಾಥನದೆಂಬ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ, ಈ ಐದು ಅವರ ಪಾಠ್ಯಗ್ರಂಥಗಳು. ಐದೂ ಭಾರತೀಯ ಆಚಾರ್ಯರ ಸಂಸ್ಕೃತಕೃತಿಗಳೇ. ಇವುಗಳಲ್ಲಿ ಪ್ರಮಾಣವಾರ್ತಿಕದ ಮೂಲವು ಭಾರತದಲ್ಲಿ ಮರೆಯಾಗಿದ್ದು, ೧೯೩೦ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟಿನ ಮಠಗಳಲ್ಲಿ ತಾಳೆಯೋಲೆಗಳನ್ನು ಹುಡುಕಿದ ಮೇಲೆ ಬೆಳಕಿಗೆ ಬಂದಿತು. ಮಧ್ಯಮಕಾವತಾರವಂತೂ ಬಹುಕಾಲ ಭೋಟಾನುವಾದದಲ್ಲಿ ಮಾತ್ರ ಲಭ್ಯವಿದ್ದಿತು. ಅದರ ಸಂಸ್ಕೃತಮೂಲವು ಮುದ್ರಣಕ್ಕೆ ಬರತೊಡಗಿದುದು ಇಪ್ಪತ್ತೊಂದನೆಯ ಶತಮಾನದಲ್ಲಿ.

ಅಧ್ಯಯನಕ್ರಮವೂ ಗಮನಾರ್ಹವಾದುದು. ಪ್ರತಿವಾದಿಯು ಕುಳಿತಿರುವನು, ಪ್ರಶ್ನಿಸುವವನು ನಿಂತು, ಪ್ರಶ್ನೆಯ ಕೊನೆಯಲ್ಲಿ ಕೈಯನ್ನು ತಟ್ಟುವನು. ಹದಿನೈದು ಇಪ್ಪತ್ತು ವರ್ಷಗಳ ಅಭ್ಯಾಸವಾದ ಮೇಲೆ 'ಗೆಶೆ' ಎಂಬ ಬಿರುದು ಲಭಿಸುವುದು. ಆ ಪದವು ಸಂಸ್ಕೃತದ 'ಕಲ್ಯಾಣಮಿತ್ರ' ಎಂಬುದರ ಭಾಷಾಂತರವೇ ಆಗಿದೆ. ಕನ್ನಡನಾಡಿನ ವಾಕ್ಯಾರ್ಥಸಭೆಗಳನ್ನು ನೋಡಿದವರಿಗೆ ಈ ದೃಶ್ಯವು ಅಪರಿಚಿತವೆನಿಸದು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಮುಂಡಗೋಡಿಗೆ ನೆರೆಯದಾದ ಬನವಾಸಿಯಲ್ಲಿ ಪೂರ್ವದಲ್ಲಿ ಬೌದ್ಧಧರ್ಮವಿದ್ದಿತು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಸ್ಥವಿರನನ್ನು ವನವಾಸಕ್ಕೆ ಕಳುಹಿಸಿದರೆಂದು ಸಿಂಹಳದ ಮಹಾವಂಸವು ಹೇಳುವುದು. ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆಯ ಪ್ರಾಕೃತ ಶಾಸನವು ರಾಜಕುಮಾರಿಯೊಬ್ಬಳು ನಾಗವನ್ನೂ ಕೆರೆಯನ್ನೂ ವಿಹಾರವನ್ನೂ ಮಾಡಿಸಿದುದನ್ನು ತಿಳಿಸುವುದು. ಇದರಿಂದ ಬನವಾಸಿಯ ಪ್ರಾಚೀನ ವಿಹಾರವೇ ಮುಂಡಗೋಡಿನಲ್ಲಿ ಪುನಃ ಎದ್ದಿತೆಂದು ಹೇಳುವುದು ಯುಕ್ತವಲ್ಲ. ಎರಡಕ್ಕೂ ನಡುವೆ ಶಿಷ್ಯಪರಂಪರೆಯ ಸಂಬಂಧವಿಲ್ಲ, ಸಾಮೀಪ್ಯವು ಆಕಸ್ಮಿಕ. ಮರಳಿ ಬಂದುದು ಬನವಾಸಿಯ ವಿದ್ಯೆಯಲ್ಲ, ನಾಲಂದಾ ವಿಕ್ರಮಶೀಲೆಗಳ ವಿದ್ಯೆ.

ಆದರೂ ಇದರ ಪ್ರಯೋಜನವು ಕನ್ನಡನಾಡಿನ ಪಂಡಿತಮಂಡಲಿಗೆ ಅಲ್ಪವಾದುದಲ್ಲ. ನ್ಯಾಯ, ಮೀಮಾಂಸಾ, ವೇದಾಂತಗಳನ್ನು ಓದುವವನಿಗೆ ಬೌದ್ಧಮತವು ಪೂರ್ವಪಕ್ಷವಾಗಿಯೇ ಪರಿಚಿತ. ಉದ್ದ್ಯೋತಕರನು ದಿಙ್ನಾಗನನ್ನು ಖಂಡಿಸುವಾಗ, ವಾಚಸ್ಪತಿಮಿಶ್ರನು ಧರ್ಮಕೀರ್ತಿಯನ್ನು ಅನುವದಿಸುವಾಗ, ಎದುರಾಳಿಯ ಉತ್ತರವು ಕೇಳಿಬರುವುದಿಲ್ಲ. ಮುಂಡಗೋಡಿನಲ್ಲಿ ಅದೇ ಮತವು ಸಿದ್ಧಾಂತವಾಗಿ, ಜೀವಂತ ವಾದವಾಗಿ ನಡೆಯುತ್ತಿದೆ. ಶಿರಸಿ, ಸೋಂದೆ, ಗೋಕರ್ಣಗಳು ಅದೇ ಜಿಲ್ಲೆಯಲ್ಲಿಯೇ ಇರುವುವು. ಪೂರ್ವಪಕ್ಷವನ್ನು ಪೂರ್ವಪಕ್ಷಿಯ ಬಾಯಿಂದಲೇ ಕೇಳುವ ಅವಕಾಶವು ಹಲವು ಶತಮಾನಗಳ ಮೇಲೆ ಒದಗಿದೆ.

ಅತಿಥಿಯೋ, ಮರಳಿದವನೋ ಎಂಬ ಆದಿಯ ಪ್ರಶ್ನೆಗೆ ಹೀಗೆ ಸಮಾಧಾನ ಹೇಳಬಹುದು: ಜನರು ಅತಿಥಿಗಳು, ವಿದ್ಯೆ ಮಾತ್ರ ಮನೆಯದು. ಅತಿಥಿಗಳು ಒಂದು ದಿನ ತಮ್ಮ ನಾಡಿಗೆ ಹಿಂದಿರುಗಲು ಬಯಸುವುದು ನ್ಯಾಯವೇ. ಅದಕ್ಕೆ ಮುಂಚೆ ಎರಡು ಕಡೆಯ ತರುಣರೂ ಪರಸ್ಪರ ಗ್ರಂಥಗಳನ್ನು ಒಟ್ಟಿಗೆ ಕುಳಿತು ಓದುವುದಾದರೆ, ಹಿಂದೆ ದಾರಿಯಲ್ಲಿ ಮಡಿದ ಆ ಹತ್ತೊಂಬತ್ತು ಮಂದಿಯ ಋಣವು ಸ್ವಲ್ಪಮಟ್ಟಿಗಾದರೂ ತೀರುವುದು.