ಮೊದಲು ಬಂದವರೋ, ದಾರಿಯಲ್ಲಿ ನಿಂತವರೋ?

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಗ್ಯಾರೇಜಿನ ಬಾಗಿಲು ತೆರೆಯುವ ಹೊತ್ತಿಗೆ, ಹಿಂದಿನ ವಾರವೇ ದಿನ ಗೊತ್ತುಮಾಡಿಕೊಂಡಿದ್ದ ಮೂರು ಕಾರುಗಳು ಸರ್ವಿಸ್‌ಗೆಂದು ಬಂದು ನಿಂತಿವೆ. ಅಷ್ಟರಲ್ಲೇ ಕ್ಲಚ್ ಹೋದ ಟ್ಯಾಕ್ಸಿಯೊಂದನ್ನು ನಾಲ್ಕು ಜನ ತಳ್ಳಿಕೊಂಡು ಬರುತ್ತಾರೆ. ಗಾಡಿ ಓಡದಿದ್ದರೆ ಅದರ ಚಾಲಕನಿಗೆ ಅಂದಿನ ಸಂಪಾದನೆ ಇಲ್ಲ. ಇತ್ತ ಹೇಳಿದ ದಿನಕ್ಕೆ ಸರಿಯಾಗಿ ಬಂದವರು, ‘ನಮಗೇಕೆ ಕಾಯಿಸುತ್ತೀರಿ?’ ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಹಾಗಾದರೆ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಹಿಡಿಯಬೇಕಾದ್ದು ಯಾವ ಗಾಡಿಗೆ?

ಈ ಪ್ರಶ್ನೆಗೆ ಮೋಟಾರು ವಾಹನದಷ್ಟೇ ವಯಸ್ಸಾಗಿದೆ. ಕಾರು ಹೊಸದಾಗಿ ಬಂದ ಕಾಲದಲ್ಲಿ ದಿನ ಗೊತ್ತುಮಾಡುವ ಮಾತೇ ಇರಲಿಲ್ಲ. ಕೆಟ್ಟು ನಿಂತ ಗಾಡಿಯನ್ನು ಕಮ್ಮಾರನ ಕುಲುಮೆಗೋ ಸೈಕಲ್ ಅಂಗಡಿಗೋ ಎಳೆದುಕೊಂಡು ಹೋಗಬೇಕಿತ್ತು. 1908ರಲ್ಲಿ ಅಮೆರಿಕದಲ್ಲಿ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಮಾರುಕಟ್ಟೆಗೆ ಬಂತು. 1927ರಲ್ಲಿ ಅದರ ತಯಾರಿಕೆ ನಿಲ್ಲುವಷ್ಟರಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಕಾರುಗಳು ರಸ್ತೆಗಿಳಿದಿದ್ದವು. ಅಷ್ಟು ಕಾರುಗಳನ್ನು ರಿಪೇರಿ ಮಾಡುವುದು ದೊಡ್ಡ ಉದ್ಯಮವೇ ಆಯಿತು.

ಕಾರ್ಖಾನೆಯಲ್ಲಿ ಗೆದ್ದ ವಿಧಾನವನ್ನು ಫೋರ್ಡ್ ಕಂಪನಿ ರಿಪೇರಿ ಅಂಗಡಿಗೂ ತರಲು ಹೊರಟಿತು. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಕೂಲಿ ಎಂಬ ಪಟ್ಟಿಗಳು 1920ರ ದಶಕದಲ್ಲಿ ಬಳಕೆಗೆ ಬಂದವು. ಕೂಲಿ ನಿಗದಿ ಮಾಡಲು ಆ ಪಟ್ಟಿ ಉಪಯೋಗಕ್ಕೆ ಬಂತು. ಆದರೆ ರಿಪೇರಿ ಅಂಗಡಿ ಕಾರ್ಖಾನೆಯಾಗಲಿಲ್ಲ. ಕಾರ್ಖಾನೆಯಲ್ಲಿ ಪ್ರತಿ ಕಾರೂ ಒಂದೇ ಬಗೆಯದು. ಗ್ಯಾರೇಜಿಗೆ ಬರುವ ಪ್ರತಿ ಕಾರಿನ ರೋಗವೂ ಬೇರೆ. ತುಕ್ಕು ಹಿಡಿದ ಒಂದು ಬೋಲ್ಟು ಅರ್ಧ ಗಂಟೆಯ ಕೆಲಸವನ್ನು ಅರ್ಧ ದಿನಕ್ಕೆ ಎಳೆಯಬಲ್ಲದು.

ಭಾರತದಲ್ಲಿ ಲೈಸೆನ್ಸ್ ವ್ಯವಸ್ಥೆಯ ದಶಕಗಳಲ್ಲಿ ಹೊಸ ವಾಹನಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಾಗಿ ಇದ್ದ ಅಂಬಾಸಿಡರ್, ಫಿಯೆಟ್ ಕಾರುಗಳನ್ನೇ ಜತನದಿಂದ ಓಡಿಸಿಕೊಂಡು ಬರುವುದು ಅನಿವಾರ್ಯವಾಗಿತ್ತು. ಯಾವ ಗಾಡಿಯ ಗೇರ್‌ಬಾಕ್ಸ್ ಯಾವಾಗ ಕೈಕೊಡುತ್ತದೆ, ಯಾವ ಮಾಲೀಕರು ಒಂದು ದಿನ ತಡೆದುಕೊಳ್ಳುತ್ತಾರೆ ಎಂಬುದೆಲ್ಲ ಗ್ಯಾರೇಜಿನ ಯಜಮಾನರಿಗೆ ಬಾಯಿಪಾಠ. ಅಪಾಯಿಂಟ್‌ಮೆಂಟ್ ಪುಸ್ತಕ ಅವರ ತಲೆಯಲ್ಲೇ ಇರುತ್ತಿತ್ತು. ಬಿಡಿಭಾಗ ಬೇಕಾದರೆ ಹುಡುಗನೊಬ್ಬ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಪೇಟೆಗೆ ಓಡುತ್ತಿದ್ದ.

ಮುಂಚಿತ ಕೆಲಸ, ತುರ್ತು ಕೆಲಸ ಎಂಬ ವಿಂಗಡಣೆ ಬಸ್ ಡಿಪೋಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ ಆರಂಭವಾಗಿ, 1961ರಲ್ಲಿ ನಿಗಮವಾಯಿತು. ಇಂಥ ಸಂಸ್ಥೆಗಳು ಬಸ್ಸು ಕೆಡುವವರೆಗೆ ಕಾಯುವಂತಿಲ್ಲ. ಇಷ್ಟು ದಿನಕ್ಕೆ ಅಥವಾ ಇಷ್ಟು ಕಿಲೋಮೀಟರಿಗೆ ತಪಾಸಣೆ ಎಂಬ ಕ್ರಮವಿರುತ್ತದೆ. ದಾರಿಯಲ್ಲಿ ಕೆಟ್ಟು ನಿಂತ ಬಸ್ಸನ್ನು ನೋಡಿಕೊಳ್ಳುವುದು ಬೇರೆಯೇ ಕೆಲಸ. ತಪಾಸಣೆ ಸರಿಯಾಗಿ ನಡೆದಷ್ಟೂ ತುರ್ತು ಕರೆಗಳು ಕಡಿಮೆಯಾಗುತ್ತವೆ.

ಖಾಸಗಿ ಕಾರುಗಳ ಮಟ್ಟಿಗೆ ಈ ಶಿಸ್ತು ವ್ಯಾಪಕವಾದದ್ದು 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಎನ್ನಬಹುದು. ಕಾರಿನ ಜೊತೆಗೇ ಸರ್ವಿಸ್ ಪುಸ್ತಕ, ಉಚಿತ ಸರ್ವಿಸ್‌ನ ಕೂಪನ್ನು, ಕಂಪನಿ ಮಾನ್ಯ ಮಾಡಿದ ವರ್ಕ್‌ಶಾಪು ಎಲ್ಲವೂ ಬಂದವು. ಕಾರು ಕೆಡದಿದ್ದರೂ ಗ್ಯಾರೇಜಿಗೆ ಹೋಗುವ ಅಭ್ಯಾಸ ಮಧ್ಯಮ ವರ್ಗಕ್ಕೆ ಆಯಿತು.

ಆದರೆ ದಿನ ಗೊತ್ತುಮಾಡಿದ ಮಾತ್ರಕ್ಕೆ ಸರದಿ ಕರಗುವುದಿಲ್ಲ. ಇದಕ್ಕೆ ಕಾರಣವನ್ನು ಗಣಿತ ಹೇಳುತ್ತದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ, ಲೆಕ್ಕವಿಲ್ಲದೆ ಬರುವ ಕರೆಗಳ ಬಗ್ಗೆ 1909ರಲ್ಲಿ ಪ್ರಬಂಧ ಪ್ರಕಟಿಸಿದರು. ಸರದಿಯ ಶಾಸ್ತ್ರ ಬೆಳೆದದ್ದು ಅಲ್ಲಿಂದ. ಗಾಡಿಗಳು ಹೇಳದೆ ಕೇಳದೆ ಬರುತ್ತವೆ, ಪ್ರತಿ ಕೆಲಸಕ್ಕೂ ಹಿಡಿಯುವ ಹೊತ್ತು ಮೊದಲೇ ತಿಳಿಯದು, ಇರುವವನು ಒಬ್ಬನೇ ಮೆಕ್ಯಾನಿಕ್ ಎಂದುಕೊಳ್ಳೋಣ. ಅವನ ಹೊತ್ತಿನ ಶೇ. 50 ಭಾಗಕ್ಕೆ ಮಾತ್ರ ಕೆಲಸವಿದ್ದರೆ, ಹೊಸದಾಗಿ ಬಂದ ಗಾಡಿ ಸರಾಸರಿ ಒಂದು ಕೆಲಸದಷ್ಟು ಹೊತ್ತು ಕಾಯಬೇಕು. ಶೇ. 80ಕ್ಕೆ ಏರಿದರೆ ನಾಲ್ಕು ಕೆಲಸದಷ್ಟು, ಶೇ. 90 ಆದರೆ ಒಂಬತ್ತು ಕೆಲಸದಷ್ಟು! ಕೆಲಸ ಸ್ವಲ್ಪವೇ ಹೆಚ್ಚಿದರೂ ಕಾಯುವಿಕೆ ಒಮ್ಮೆಲೇ ಜಿಗಿಯುತ್ತದೆ. ಆಯುಧಪೂಜೆಯ ಹಿಂದಿನ ವಾರ ಪ್ರತಿ ಗ್ಯಾರೇಜಿನ ಮುಂದೆಯೂ ಜಗಳ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಆದ್ದರಿಂದಲೇ ಅನುಭವಸ್ಥರು ಇಡೀ ದಿನವನ್ನು ಮುಂಗಡವಾಗಿ ತುಂಬಿಸುವುದಿಲ್ಲ. ಒಂದಿಷ್ಟು ಹೊತ್ತನ್ನು ಖಾಲಿ ಬಿಟ್ಟಿರುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಸೋಮಾರಿತನವಾಗಿ ಕಾಣಬಹುದು. ವಾಸ್ತವವಾಗಿ ತಳ್ಳಿಕೊಂಡು ಬರುವ ಟ್ಯಾಕ್ಸಿಗೆಂದು ಕಾದಿಟ್ಟ ಜಾಗ ಅದು. ಬಂದ ಗಾಡಿಯನ್ನು ಹತ್ತು ನಿಮಿಷ ನೋಡಿ ವಿಂಗಡಿಸುವುದು ಎರಡನೆಯ ಉಪಾಯ. ಪಂಕ್ಚರ್, ಬ್ಯಾಟರಿ, ಫ್ಯಾನ್ ಬೆಲ್ಟಿನಂಥ ಚಿಕ್ಕ ಕೆಲಸವಾದರೆ ನಡುವೆಯೇ ಮುಗಿಸಿ ಕಳಿಸುತ್ತಾರೆ. ಬ್ರೇಕಿನ ತೊಂದರೆಯಾದರೆ ಗಾಡಿಯನ್ನು ಹೊರಗೆ ಬಿಡುವಂತಿಲ್ಲ. ಎಂಜಿನ್ ಬಿಚ್ಚುವ ಕೆಲಸವಾದರೆ ಬೇರೆ ದಿನ ಗೊತ್ತುಮಾಡುತ್ತಾರೆ. ಬಿಚ್ಚಿದ ಮೇಲೆ ಬಿಡಿಭಾಗ ಸಿಗದಿದ್ದರೆ ಒಂದು ಗಾಡಿ ಇಡೀ ಜಾಗವನ್ನು ದಿನಗಟ್ಟಲೆ ಹಿಡಿದು ಕೂರುತ್ತದೆ. ಆದ್ದರಿಂದ ಸಾಮಾನು ಕೈಗೆ ಬಾರದೆ ಬಿಚ್ಚಬಾರದು ಎಂಬುದು ಹಳಬರ ನಿಯಮ.

ಯುದ್ಧಭೂಮಿಯ ವೈದ್ಯರೂ ಹೀಗೆಯೇ ವಿಂಗಡಿಸಿದ್ದರು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ, ಗಾಯಾಳುವಿನ ಹುದ್ದೆಯನ್ನು ನೋಡದೆ ಗಾಯದ ತೀವ್ರತೆಯನ್ನಷ್ಟೇ ನೋಡಿ ಚಿಕಿತ್ಸೆ ಕೊಡಬೇಕೆಂದರು. ಗ್ಯಾರೇಜಿನಲ್ಲೂ ಪರೀಕ್ಷೆ ಇರುವುದು ಇಲ್ಲಿಯೇ. ದೊಡ್ಡವರ ಕಾರು ಬಂದಾಗ ಆಟೋದವನನ್ನು ಹಿಂದೆ ಸರಿಸಿದರೆ ಅದು ತುರ್ತಿನ ಲೆಕ್ಕವಲ್ಲ, ಮುಲಾಜಿನ ಲೆಕ್ಕ.

ಇಂದು ಸಣ್ಣ ಗ್ಯಾರೇಜುಗಳ ಮುಂದಿರುವ ಆತಂಕ ಬೇರೆ ಬಗೆಯದು. ಎಂಜಿನ್ನಿನೊಳಗೆ ಎಲೆಕ್ಟ್ರಾನಿಕ್ಸ್ ತುಂಬಿದೆ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಅದು ಇನ್ನಷ್ಟು ಜಟಿಲವಾಗಿದೆ. ವಾರಂಟಿ ಇರುವವರೆಗೆ ಮಾಲೀಕರು ಕಂಪನಿಯ ಸರ್ವಿಸ್ ಕೇಂದ್ರವನ್ನೇ ಹುಡುಕಿಕೊಂಡು ಹೋಗುತ್ತಾರೆ. ಹೀಗೆ ನಿಶ್ಚಿತ ಆದಾಯ ತರುವ ಮುಂಚಿತ ಕೆಲಸ ಅತ್ತ ಹೋಗಿ, ಹೊತ್ತುಗೊತ್ತಿಲ್ಲದ ತುರ್ತು ಕೆಲಸ ಮಾತ್ರ ಇತ್ತ ಉಳಿಯುತ್ತಿದೆ. ಆಯಿಲ್ ಬದಲಿಸುವ ದುಡ್ಡಿನಿಂದಲೇ ಗ್ಯಾರೇಜಿನ ಬಾಡಿಗೆ, ಹುಡುಗರ ಸಂಬಳ ನಡೆಯುತ್ತಿತ್ತು. ದಿನದಲ್ಲಿ ಒಂದಿಷ್ಟು ಹೊತ್ತನ್ನು ಖಾಲಿ ಬಿಡುವ ಧೈರ್ಯವೂ ಆ ದುಡ್ಡಿನಿಂದಲೇ ಬರುತ್ತಿತ್ತು.

ಬೀದಿಯ ಕೊನೆಯ ಗ್ಯಾರೇಜು ಮುಚ್ಚಿದರೆ ಸರ್ವಿಸ್‌ಗೆ ದಿನ ಗೊತ್ತುಮಾಡಿಕೊಂಡವರಿಗೆ ಹೆಚ್ಚಿನ ನಷ್ಟವಿಲ್ಲ. ಅವರು ಇನ್ನೊಂದು ಕಡೆ ದಿನ ಗೊತ್ತುಮಾಡಿಕೊಳ್ಳುತ್ತಾರೆ. ತೊಂದರೆಯಾಗುವುದು ಗಾಡಿ ತಳ್ಳಿಕೊಂಡು ಬಂದವರಿಗೆ.