ಮರುದಿನದ ಸಭೆ

ಪ್ರಜೆಗಳು ಪ್ರತಿನಿಧಿಗಳನ್ನು ಚುನಾಯಿಸಿ ರಾಜ್ಯಭಾರವನ್ನು ಅವರಿಗೆ ಒಪ್ಪಿಸುವುದು ಇಂದಿನ ರೂಢಿ. ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದಲ್ಲಿ ಇಂತಹ ಮಧ್ಯವರ್ತಿಗಳಿರಲಿಲ್ಲ. ಪ್ನಿಕ್ಸ್ ಎಂಬ ಗುಡ್ಡದ ಮೇಲೆ ನೆರೆಯುತ್ತಿದ್ದ ಜನಸಭೆಯಲ್ಲಿ ರೈತ, ಕುಂಬಾರ, ನಾವಿಕ ಮೊದಲಾದ ಪೌರರೆಲ್ಲ ಯುದ್ಧ, ಸಂಧಿ, ದಂಡನೆಗಳ ವಿಷಯದಲ್ಲಿ ಕೈಯೆತ್ತಿ ತೀರ್ಮಾನಿಸುತ್ತಿದ್ದರು. ಸ್ತ್ರೀಯರಿಗೂ ದಾಸರಿಗೂ ಹೊರಗಿನಿಂದ ಬಂದು ನೆಲಸಿದವರಿಗೂ ಈ ಹಕ್ಕಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ಜನಸಾಮಾನ್ಯರ ಕೈಗೆ ನಿರ್ಣಯವನ್ನು ಕೊಟ್ಟರೆ ಉದ್ವೇಗವೇ ಆಳುತ್ತದೆಂಬುದು ಬಹು ಹಳೆಯ ಆಕ್ಷೇಪ. ಅದಕ್ಕೆ ಆಧಾರವೂ ಉತ್ತರವೂ ಅಥೆನ್ಸಿನ ಚರಿತ್ರೆಯಲ್ಲಿಯೇ ದೊರೆಯುತ್ತವೆ.

ಲೆಸ್ಬೋಸ್ ದ್ವೀಪದ ಮಿಟಿಲೀನ್ ನಗರವು ಅಥೆನ್ಸಿನ ವಿರುದ್ಧ ದಂಗೆಯೆದ್ದು, ಕ್ರಿ.ಪೂ. 427ರಲ್ಲಿ ಶರಣಾಯಿತು. ಕೋಪಗೊಂಡಿದ್ದ ಜನಸಭೆಯು ಅಲ್ಲಿಯ ವಯಸ್ಕ ಪುರುಷರೆಲ್ಲರನ್ನೂ ಕೊಲ್ಲಬೇಕು, ಹೆಂಗಸರು ಮಕ್ಕಳನ್ನು ದಾಸ್ಯಕ್ಕೆ ದೂಡಬೇಕು ಎಂದು ನಿರ್ಣಯಿಸಿತು. ಆಜ್ಞೆ ಹೊತ್ತ ನೌಕೆ ಅಂದೇ ಹೊರಟಿತು. ಮರುದಿನ ಜನರ ಮನಸ್ಸು ಕಲಕಿತು. ತಪ್ಪು ಮಾಡಿದವರೊಡನೆ ಇಡೀ ನಗರವನ್ನೇ ನಾಶಮಾಡುವುದು ಕ್ರೂರವೆನಿಸಿತು. ಸಭೆ ಮತ್ತೆ ಸೇರಿತು. ಕ್ಲಿಯಾನನು ಮೊದಲ ತೀರ್ಪೇ ನಿಲ್ಲಬೇಕೆಂದು ವಾದಿಸಿದ. ಡಯೊಡೋಟಸನು ಕರುಣೆಯ ಮಾತನ್ನೆತ್ತದೆ, ಸಾಮೂಹಿಕ ವಧೆಯಿಂದ ಅಥೆನ್ಸಿಗೇ ಹಾನಿಯೆಂದು ತೋರಿಸಿಕೊಟ್ಟ. ಬಹುಮಟ್ಟಿಗೆ ಸಮವಾಗಿ ಎದ್ದ ಕೈಗಳಲ್ಲಿ ಅವನ ಪಕ್ಷವೇ ಅಲ್ಪ ಅಂತರದಿಂದ ಗೆದ್ದಿತು.

ಎರಡನೆಯ ನೌಕೆ ಹೊರಟಾಗ ಮೊದಲನೆಯದು ಸುಮಾರು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ನಾವಿಕರು ದ್ರಾಕ್ಷಾರಸ, ಎಣ್ಣೆಗಳಲ್ಲಿ ಕಲಸಿದ ಜವೆಯ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದು, ಸರದಿಯಂತೆ ನಿದ್ರಿಸಿದರೆಂದು ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಸೇನಾಪತಿ ಪಾಕಿಸನು ವಧಾಜ್ಞೆಯನ್ನು ಓದಿ ಮುಗಿಸಿ ಕಾರ್ಯಕ್ಕೆ ತೊಡಗುವಷ್ಟರಲ್ಲಿ ಅವರು ದಡ ಮುಟ್ಟಿದರು. ನಗರ ಉಳಿಯಿತು. ಆದರೂ ದಂಗೆಯ ಮುಖ್ಯರೆಂದು ಅಥೆನ್ಸಿಗೆ ಒಯ್ದಿದ್ದವರಿಗೆ ಮರಣದಂಡನೆ ತಪ್ಪಲಿಲ್ಲ.

ಕ್ರಿ.ಪೂ. 406ರಲ್ಲಿ ಅದೇ ಜನಸಭೆ ಬೇರೊಂದು ದಾರಿ ಹಿಡಿಯಿತು. ಆರ್ಗಿನೂಸೆಯ ನೌಕಾಯುದ್ಧವನ್ನು ಗೆದ್ದ ಸೇನಾಪತಿಗಳು, ಬಿರುಗಾಳಿಯಿಂದಾಗಿ, ಮುಳುಗುತ್ತಿದ್ದ ನಾವಿಕರನ್ನು ರಕ್ಷಿಸಲಾಗಲಿಲ್ಲ. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸುವ ನಿಯಮವನ್ನು ಬದಿಗಿಟ್ಟು, ಒಂದೇ ಮತದಿಂದ ಎಂಟು ಮಂದಿಗೂ ಮರಣದಂಡನೆ ವಿಧಿಸಲಾಯಿತು. ಕ್ರಮ ತಪ್ಪಿದ ಈ ವಿಚಾರಣೆಗೆ ಅಂದಿನ ಅಧ್ಯಕ್ಷಮಂಡಲಿಯಲ್ಲಿದ್ದ ಸಾಕ್ರೆಟಿಸ್ ಸಮ್ಮತಿಸಲಿಲ್ಲ. ನಗರದಲ್ಲಿದ್ದ ಆರು ಮಂದಿಯ ವಧೆಯಾಯಿತು. ಅನಂತರ ಜನರು ಪಶ್ಚಾತ್ತಾಪಪಟ್ಟರು. ಆ ಹೊತ್ತಿಗೆ ಕಳುಹಿಸಲು ಎರಡನೆಯ ನೌಕೆ ಇರಲಿಲ್ಲ.

ಎರಡೂ ತೀರ್ಪುಗಳನ್ನಿತ್ತದ್ದು ಒಂದೇ ಬಗೆಯ ಜನ, ಎರಡರಲ್ಲಿಯೂ ಕೋಪವಿತ್ತು. ಮಿಟಿಲೀನಿನ ವಿಷಯದಲ್ಲಿ ಮರುವಿಚಾರಕ್ಕೆ ಒಂದು ದಿನ ದೊರೆಯಿತು, ವಿರೋಧಿಯ ಮಾತಿಗೆ ಕಿವಿ ದೊರೆಯಿತು. ಸೇನಾಪತಿಗಳ ವಿಷಯದಲ್ಲಿ ಅವಸರವು ನಿಯಮವನ್ನೇ ನುಂಗಿತು. ಜನರನ್ನು ನೇರವಾಗಿ ನಿರ್ಣಯಕ್ಕೆ ಕರೆಯುವ ಯಾವ ರಾಜ್ಯವಾದರೂ, ಕೈಯೆತ್ತುವ ಹಕ್ಕಿನ ಜೊತೆಗೆ ಎತ್ತಿದ ಕೈಯನ್ನು ಇಳಿಸಲು ಬೇಕಾದ ಕಾಲಾವಕಾಶವನ್ನೂ ಅವರಿಗೆ ಕೊಡಬೇಕಾಗುತ್ತದೆ.