ನೂರು ಗಜದ ಸವಲತ್ತು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಜಾಗ ಕೊಳ್ಳಲು ಹೊರಟರೆ ದಲ್ಲಾಳಿಯ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಎರಡು ಎಕರೆ ವರ್ಗ, ಮೂರು ಎಕರೆ ಕುಮ್ಕಿ." ಘಟ್ಟದ ಮೇಲಿನವರಿಗೆ ಈ ಲೆಕ್ಕ ತಿಳಿಯುವುದಿಲ್ಲ. ವರ್ಗವೆಂದರೆ ಕಂದಾಯ ಕಟ್ಟುವ, ಹೆಸರಿನಲ್ಲಿ ದಾಖಲೆ ಇರುವ ಜಮೀನು. ಕುಮ್ಕಿ ಸರಕಾರದ್ದು. ಅದಕ್ಕೆ ಕಂದಾಯವಿಲ್ಲ, ಹೆಸರಿನಲ್ಲಿ ದಾಖಲೆಯೂ ಇಲ್ಲ. ಆದರೂ ಬೆಲೆ ಹೇಳುವಾಗ ಅದೂ ಲೆಕ್ಕಕ್ಕೆ ಬರುತ್ತದೆ. ಸರಕಾರದ ಜಾಗಕ್ಕೆ ಖಾಸಗಿ ಬೆಲೆ ಬಂದದ್ದು ಹೇಗೆ ಎಂಬ ಪ್ರಶ್ನೆಯ ಹಿಂದೆ ಹೊರಟರೆ, ನಮ್ಮ ಕರಾವಳಿಯಲ್ಲಿ ಉಳ್ಳವರಿಗೆ ಸಿಕ್ಕ ತೆರಿಗೆ ವಿನಾಯಿತಿಯ ಚರಿತ್ರೆಯೇ ತೆರೆದುಕೊಳ್ಳುತ್ತದೆ.

'ಕುಮ್ಕಿ' ಎಂದರೆ ನೆರವು. ನಾವು ದಿನಬಳಕೆಯಲ್ಲಿ ಆಡುವ 'ಕುಮ್ಮಕ್ಕು' ಇದರ ಹತ್ತಿರದ ನೆಂಟ. ಬ್ರಿಟಿಷರ ಕಾಲದ ಕಂದಾಯ ನಿಯಮದ ಪ್ರಕಾರ ದಕ್ಷಿಣ ಕನ್ನಡದ ಖದೀಂ ವರ್ಗದ, ಎಂದರೆ 1866ಕ್ಕಿಂತ ಹಿಂದಿನ ಸಾಗುವಳಿ ಜಮೀನಿನ ಅಂಚಿನಿಂದ ನೂರು ಗಜದವರೆಗಿನ ಸರಕಾರಿ ಭೂಮಿಯಲ್ಲಿ ವರ್ಗದಾರನಿಗೆ ಸೊಪ್ಪು, ತರಗೆಲೆ, ಸೌದೆ, ಮೇವು ಪಡೆಯುವ ಸವಲತ್ತಿತ್ತು. ಅದಕ್ಕಾಗಿ ಅವನು ತೀರ್ವೆ ಕೊಡಬೇಕಿರಲಿಲ್ಲ. ಆಮೇಲೆ ಹೊಸದಾಗಿ ಸಾಗುವಳಿಗೆ ಬಂದ ಹೊಸಗಮೆ ವರ್ಗಕ್ಕೆ ಈ ಭಾಗ್ಯವಿರಲಿಲ್ಲ.

ಇದಕ್ಕೆ ಕಾರಣವೂ ಇತ್ತು. ನಮ್ಮ ಬೈಲು ಗದ್ದೆಗಳ ಫಸಲು ನಿಂತದ್ದು ಹಾಡಿಯ ಸೊಪ್ಪಿನ ಮೇಲೆ. ಹಾಡಿಯಿಂದ ತಂದ ಸೊಪ್ಪು ಹಟ್ಟಿಗೆ ಬಿದ್ದು, ಗೊಬ್ಬರವಾಗಿ ಗದ್ದೆಗೆ ಹೋಗಬೇಕು. ಇಷ್ಟು ಮಳೆ ಸುರಿಯುವ ನೆಲದಲ್ಲಿ ಗೊಬ್ಬರವಿಲ್ಲದೆ ಭತ್ತವಿಲ್ಲ, ಭತ್ತವಿಲ್ಲದೆ ಕಂದಾಯವಿಲ್ಲ. ಹಾಗಾಗಿ ಸರಕಾರ ಕೊಟ್ಟ ನೆರವು ಒಂದು ಅರ್ಥದಲ್ಲಿ ತನ್ನ ಆದಾಯಕ್ಕೇ ಕೊಟ್ಟ ನೆರವು.

ಪ್ರಶ್ನೆ ಇರುವುದು ಆ ನೆರವು ಯಾರ ಅಂಗಳಕ್ಕೆ ಬಂತು ಎಂಬುದರಲ್ಲಿ. ಒಂದು ಸಣ್ಣ ಲೆಕ್ಕ ಮಾಡೋಣ. ಚೌಕಾಕಾರದ ಒಂದು ಎಕರೆ ಖದೀಂ ಗದ್ದೆಯ ಸುತ್ತ ಬರೀ ಸರಕಾರಿ ಜಾಗವೇ ಇದೆಯೆಂದು ಇಟ್ಟುಕೊಂಡರೆ, ನೂರು ಗಜದ ಪಟ್ಟಿ ಸುಮಾರು 12 ಎಕರೆ ಆಗುತ್ತದೆ. ನಿಜದಲ್ಲಿ ಅಕ್ಕಪಕ್ಕದವರ ವರ್ಗ, ಹೊಳೆ, ದಾರಿ ಅಡ್ಡ ಬಂದು ಅದು ಎಷ್ಟೋ ಕಡಿಮೆಯಾಗುತ್ತದೆ. ಆದರೆ ಸೂತ್ರ ಒಂದೇ: ಒಂದು ಎಕರೆ ಇದ್ದವನಿಗೆ ಇನ್ನಷ್ಟು ಎಕರೆಗಳ ಅನುಭೋಗ, ಏನೂ ಇಲ್ಲದವನಿಗೆ ಸೊನ್ನೆ. ಕ್ಷೇತ್ರಕಾರ್ಯದ ಹೊತ್ತಿನಲ್ಲಿ, ಪ್ರಾಯವೆಲ್ಲ ಕೂಲಿ ನೆಟ್ಟಿಯಲ್ಲೇ ಕಳೆದ ಅಜ್ಜಿಯೊಬ್ಬರ ಬಳಿ ಹಾಡಿಯ ವಿಷಯ ತೆಗೆದಾಗ ಅವರು ಹೇಳಿದ್ದು ಇಷ್ಟೇ: "ಸೊಪ್ಪಿಗ್ ಹೋಯ್ಕಾರೂ ಒಡೇರ್ ಮನಿಗ್ ಹೇಳ್ಕಂಡೇ ಹೋಯ್ಕಿತ್ ಮಗಾ." ಹಾಡಿ ಸರಕಾರದ್ದು, ಅಪ್ಪಣೆ ಮಾತ್ರ ಒಡೆಯರದ್ದು.

ಇದು ಬ್ರಿಟಿಷರು ಹುಟ್ಟುಹಾಕಿದ ಬುದ್ಧಿಯೇನಲ್ಲ. ಆಳುಪರ ರಾಜಧಾನಿಯಾಗಿ, ಆಮೇಲೆ ವಿಜಯನಗರದ ಪ್ರಾಂತ್ಯ ಕೇಂದ್ರವಾಗಿ ಮೆರೆದ ಬಾರಕೂರಿನ ಸೀಮೆಯಲ್ಲಿ ದೇವಸ್ಥಾನಗಳಿಗೂ ಬ್ರಾಹ್ಮಣರಿಗೂ ತೆರಿಗೆ ಕಳೆದು ಭೂಮಿ ಬಿಟ್ಟುಕೊಟ್ಟ ದಾನಶಾಸನಗಳಿವೆ. ಅಲ್ಲಿ ರಾಜ ಬಿಟ್ಟದ್ದು ತನ್ನ ಪಾಲಿನ ತೆರಿಗೆಯನ್ನು. ಹಾಗೆ ಬಿಟ್ಟದ್ದರಿಂದ ಗದ್ದೆಗಿಳಿದು ಉತ್ತವನ ಹೊರೆ ತಾನಾಗಿ ಇಳಿಯುತ್ತಿರಲಿಲ್ಲ. ಅವನು ಅಳೆಯುವ ಅಕ್ಕಿ ಅರಮನೆಯ ಕಣಜದ ಬದಲು ಇನ್ನೊಂದು ಕಣಜಕ್ಕೆ ಹೋಗುತ್ತಿತ್ತು, ಅಷ್ಟೆ.

ಮುಂದೆ ಕೆಳದಿಯ ಶಿವಪ್ಪನಾಯಕ ಹಾಕಿಕೊಟ್ಟ ಭೂಕಂದಾಯದ 'ಶಿಸ್ತು' ನಾಡಿನಲ್ಲಿ ಗಾದೆಯಾಯಿತು. 1763ರಲ್ಲಿ ಕೆಳದಿ ಹೈದರನ ಕೈಸೇರಿದ ಮೇಲೆ ಶಿಸ್ತಿನ ಮೇಲೆ 'ಶಾಮಿಲು' ಎಂಬ ಹೆಚ್ಚುವರಿ ಸೇರಿತು. 1799ರಲ್ಲಿ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿನ ಭೂಮಿ ಹಿಂದಿನಿಂದಲೂ ಖಾಸಗಿ ಸ್ವತ್ತು, ಅದಕ್ಕೆ ಕ್ರಯಪತ್ರಗಳಿವೆ ಎಂದು ಮೇಲಿನವರಿಗೆ ವರದಿ ಬರೆದ. ಸರಕಾರದ ಪುಸ್ತಕದಲ್ಲಿ ವರ್ಗದಾರನ ಹೆಸರು ಗಟ್ಟಿಯಾಯಿತು. 1830-31ರಲ್ಲಿ ಕಂದಾಯದ ಭಾರ ಇಳಿಸಿ ಎಂದು 'ಕೂಟ' ಕಟ್ಟಿ ರೈತರು ಎದ್ದು ನಿಂತಾಗಲೂ ಸರಕಾರದೆದುರು ಮಾತಾಡಬಹುದಾಗಿದ್ದದ್ದು ಆ ಪುಸ್ತಕದಲ್ಲಿ ಹೆಸರಿದ್ದವರೇ.

ಅವರ ಕೆಳಗಿದ್ದವರು ಗೇಣಿದಾರರು. ಮೂಲಗೇಣಿಯವನ ಗೇಣಿ ಶಾಶ್ವತವಾಗಿ ನಿಗದಿಯಾದದ್ದು, ಅವನಿಗೆ ನೆಲೆಯಿತ್ತು. ಚಾಲಗೇಣಿಯವನನ್ನು ಒಡೆಯ ಬೇಕೆಂದಾಗ ಎಬ್ಬಿಸಬಹುದಿತ್ತು. ಧಣಿಯ ಕಂದಾಯಕ್ಕೆ ಸರಕಾರ ಮಾಫಿ ಕೊಟ್ಟರೆ ಚಾಲಗೇಣಿಯ ಮುಡಿ ಅಕ್ಕಿ ಕಡಿಮೆಯಾಗಬೇಕೆಂಬ ಕಟ್ಟಳೆ ಇರಲಿಲ್ಲ. ಕಂದಾಯಕ್ಕೂ ಗೇಣಿಗೂ ನಡುವೆ ಉಳಿದದ್ದೇ ಮನೆತನಗಳ ಬಂಡವಾಳ. ಕುಂದಾಪುರದಲ್ಲಿ ಭಂಡಾರ್ಕರ್ಸ್ ಕಾಲೇಜು ಶುರುವಾದದ್ದು 1963ರಲ್ಲಿ. ಅದಕ್ಕೆ ಮೊದಲು ಪದವಿ ಓದಬೇಕೆಂದರೆ ಮಂಗಳೂರು, ಮದರಾಸು ಎಂದು ಊರು ಬಿಡಬೇಕಿತ್ತು. ಗೇಣಿ ಅಕ್ಕಿ ಬರುವ ಮನೆಯ ಹುಡುಗ ಹಾಗೆ ಹೋಗಿ ವಕೀಲನಾಗಿ ಬಂದ. ಗೇಣಿ ಅಳೆಯುವ ಮನೆಯ ಹುಡುಗ ಮುಂಬಯಿಯ ಹೋಟೆಲಿಗೆ ಮಾಣಿಯಾಗಿ ಹೋದ. ಅದೃಷ್ಟವಿದ್ದರೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ. ಇಬ್ಬರೂ ಮೇಲೇರಿದ್ದುಂಟು. ಆದರೆ ಒಬ್ಬನಿಗೆ ಏಣಿ ಇತ್ತು, ಇನ್ನೊಬ್ಬ ಗೋಡೆ ಹಿಡಿದು ಹತ್ತಿದ.

ದೇಶದ ಮಟ್ಟದಲ್ಲೂ ಇದೇ ತರ್ಕ ಕಾಣುತ್ತದೆ. 1886ರ ಆದಾಯ ತೆರಿಗೆ ಕಾಯಿದೆ ಕೃಷಿ ಆದಾಯವನ್ನು ಹೊರಗಿಟ್ಟಿತು. ಭೂಮಿ ಆಗಲೇ ಕಂದಾಯ ಹೊತ್ತಿದೆ ಎಂಬುದು ಅದರ ಹಿಂದಿನ ವಾದ. 1961ರ ಕಾಯಿದೆಯ 10(1)ನೇ ಕಲಂ ಆ ವಿನಾಯಿತಿಯನ್ನು ಮುಂದುವರಿಸಿತು. ಅಷ್ಟು ಹೊತ್ತಿಗೆ ಭೂಕಂದಾಯದ ಭಾರ ಹಿಂದಿನಂತೆ ಉಳಿದಿರಲಿಲ್ಲ. ಅರ್ಧ ಎಕರೆಯ ರೈತನ ಆದಾಯ ಹೇಗೂ ತೆರಿಗೆಯ ಮಿತಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಅವನ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವ ವಿನಾಯಿತಿಯ ದೊಡ್ಡ ಪಾಲು ಸಲ್ಲುವುದು ದೊಡ್ಡ ತೋಟದವರಿಗೆ.

ಹಾಗಾದರೆ ನಮ್ಮ ಕರಾವಳಿಯಲ್ಲಿ ಕೆಳಗಿದ್ದವರು ಮೇಲೆ ಬಂದದ್ದು ಯಾವುದರಿಂದ? ತೆರಿಗೆ ಇಳಿಸಿದ್ದರಿಂದಲ್ಲ, ಹೆಸರು ಬರೆದದ್ದರಿಂದ. ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಜಮೀನೆಲ್ಲ ಸರಕಾರಕ್ಕೆ ಸೇರಿತು. ಗೇಣಿದಾರ 7ನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ನಿಲ್ಲಬೇಕಿತ್ತು. ಅಲ್ಲಿ ವಕೀಲರಿಗೆ ಮೊದಮೊದಲು ಪ್ರವೇಶವಿರಲಿಲ್ಲ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಯಾರಿಗಿತ್ತೆಂದು ನೆನೆದರೆ ಅದರ ಬೆಲೆ ತಿಳಿಯುತ್ತದೆ. ಧಣಿಯ ಕಣಜಕ್ಕೆ ಹೋಗುತ್ತಿದ್ದ ಮುಡಿ ಉತ್ತವನ ಮನೆಯಲ್ಲೇ ಉಳಿದು, ಮಕ್ಕಳ ಓದಿಗೆ ದಾರಿಯಾಯಿತು. ಒಂದೆರಡೇ ಗದ್ದೆಯಿದ್ದು, ಗೇಣಿಯ ಮೇಲೇ ನಿಂತಿದ್ದ ಮನೆಗಳಿಗೆ ಇದರಿಂದ ಪೆಟ್ಟು ಬಿದ್ದದ್ದೂ ಸತ್ಯ.

ಆದರೆ 7ನೇ ನಮೂನೆಗೂ ಒಂದು ಹೊಸ್ತಿಲಿತ್ತು. ಅದನ್ನು ತುಂಬಲು ಗೇಣಿದಾರನಾಗಿರಬೇಕು. ತಲೆಮಾರುಗಳಿಂದ ಒಡೆಯರ ಮನೆಯ ಆಳಾಗಿದ್ದ ದಲಿತರ ಬಳಿ ಗೇಣಿಯೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಬ್ರಿಟಿಷ್ ಆಡಳಿತ ದಲಿತರಿಗೆಂದು ಕಾದಿಟ್ಟ ಜಾಗಕ್ಕೆ ಇಲ್ಲಿ 'ಡಿಸಿ ಮನ್ನಾ' ಎನ್ನುತ್ತಾರೆ. ಆ ಡಿಸಿ ಜಿಲ್ಲಾಧಿಕಾರಿಯಲ್ಲ, 'ಡಿಪ್ರೆಸ್ಡ್ ಕ್ಲಾಸ್' ಎಂಬುದರ ಮೊದಲಕ್ಷರ. ಆ ಜಾಗವನ್ನು ಗುರುತಿಸಿ ಹಂಚಿ ಎಂದು ದಲಿತ ಸಂಘಟನೆಗಳು ಇಂದಿಗೂ ಕಚೇರಿಗಳ ಮುಂದೆ ಕೂರುತ್ತವೆ. ಕುಮ್ಕಿ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಊರಿಗೆಲ್ಲ ಬಾಯಿಪಾಠ. ಡಿಸಿ ಮನ್ನಾ ಎಲ್ಲಿದೆ ಎಂಬುದನ್ನು ಕಡತದಲ್ಲಿ ಹುಡುಕಬೇಕು. ಸವಲತ್ತು ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ವ್ಯತ್ಯಾಸವನ್ನೇ ತೋರಿಸುತ್ತೇನೆ.

1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೇ ಕಲಂ ಕುಮ್ಕಿಯನ್ನು ಸವಲತ್ತೆಂದು ಉಳಿಸಿಕೊಂಡಿದೆ, ಒಡೆತನವೆಂದು ಕರೆದಿಲ್ಲ. ಅದನ್ನು ವರ್ಗದಾರರಿಗೇ ಬರೆದುಕೊಡಿ ಎಂಬ ಬೇಡಿಕೆ ಚುನಾವಣೆ ಬಂದಾಗಲೆಲ್ಲ ಏಳುತ್ತದೆ. ಕೇಳುವವರೆಲ್ಲ ಸಿರಿವಂತರಲ್ಲ. ಕುಮ್ಕಿಯಲ್ಲಿ ನಾಲ್ಕು ತೆಂಗು, ಹತ್ತು ಗೇರು ಬೆಳೆಸಿ ಬದುಕುವ ಸಣ್ಣ ಹಿಡುವಳಿದಾರರೂ ಅವರಲ್ಲಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಅದೇ ಹಾಡಿಯ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡವನು ಮನೆಯ ಅಡಿ ಜಾಗಕ್ಕೆ 94ಸಿ ಅಡಿಯಲ್ಲಿ ಅರ್ಜಿ ಹಾಕುವಾಗ 'ಅನಧಿಕೃತ' ಎಂಬ ಪದದ ಕೆಳಗೆ ತನ್ನ ಹೆಸರು ಬರೆಯಬೇಕು. ಇಬ್ಬರೂ ಕೂತದ್ದು ಸರಕಾರದ ನೆಲದ ಮೇಲೆಯೇ. ಒಬ್ಬನದು ಸವಲತ್ತು, ಇನ್ನೊಬ್ಬನದು ಒತ್ತುವರಿ.

ಕುಮ್ಕಿ ಎಂದರೆ ನೆರವು ಎಂದೆನಲ್ಲ. ನೂರೈವತ್ತು ವರ್ಷಕ್ಕೂ ಹಿಂದೆ ಆ ನೆರವನ್ನು ಅಳೆಯಲು ಶುರುಮಾಡಿದ್ದು ಗದ್ದೆಯ ಅಂಚಿನಿಂದ. ಅದನ್ನು ಖಾಯಂ ಆಗಿ ಬರೆದುಕೊಡುವ ಮೊದಲು, ಒಮ್ಮೆಯಾದರೂ ಗುಡಿಸಲಿನ ಬಾಗಿಲಿನಿಂದ ಅಳೆದು ನೋಡಬೇಕು.